ಪುಣೆಯ ಮಳೆಗಾಲ ಮತ್ತು ಕುಂಡದ ಕಳ್ಳಿ

ಕುಂಡದಲ್ಲಿ ಬೆಳೆಸಿದ ಕ್ಯಾಕ್ಟಸ್ ಗಿಡಕ್ಕೆ ಪುಣೆಯಲ್ಲಿ ಅಪಾಯದ ಕಾಲವೆಂದರೆ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಮೂರೂವರೆ ತಿಂಗಳು. ಏಪ್ರಿಲ್ ತಿಂಗಳ ನಲವತ್ತು ಡಿಗ್ರಿ ಬಿಸಿಲಿಗೆ ಜಗ್ಗದೆ ನಿಂತ ಗಿಡ ಆಷಾಢದಲ್ಲಿ, ಅದೂ ಮೈಮೇಲೆ ಒಂದು ಹನಿ ಮಳೆ ಬೀಳದೆ ಮನೆಯೊಳಗೇ ಇದ್ದು, ಬುಡ ಕೊಳೆತು ಒಂದು ಬೆಳಗ್ಗೆ ಪಕ್ಕಕ್ಕೆ ವಾಲಿರುತ್ತದೆ. ಇದಕ್ಕೆ ಗಾಳಿಯ ತೇವವನ್ನು ದೂರುವುದು ವಾಡಿಕೆ. ಆ ದೂರಿನಲ್ಲಿ ಅರ್ಧ ನಿಜವಿದೆ. ತೇವದ ಗಾಳಿ ಗಿಡವನ್ನು ತಾನಾಗಿ ಕೊಲ್ಲುವುದಿಲ್ಲ. ಕುಂಡದ ಮಣ್ಣನ್ನು ಒಣಗಲು ಬಿಡುವುದಿಲ್ಲ, ಅಷ್ಟೆ. ಬೇರನ್ನು ಕೊಳೆಸುವುದು ಆ ಒಣಗದ ಮಣ್ಣು. ಹಾಗಾಗಿ ಮನೆಯೊಳಗಿನ ಆರ್ದ್ರತೆಯನ್ನು ನಿಭಾಯಿಸುವುದೆಂದರೆ ಬಹುಮಟ್ಟಿಗೆ ಕುಂಡ ಎಷ್ಟು ದಿನದಲ್ಲಿ ಒಣಗುತ್ತದೆ ಎಂಬುದನ್ನು ನಿಭಾಯಿಸುವುದೇ.

ಗಾಳಿಯ ತೇವವನ್ನು ಅಳೆಯುವಾಗ ಸಾಮಾನ್ಯವಾಗಿ ಹೇಳುವುದು ಸಾಪೇಕ್ಷ ಆರ್ದ್ರತೆಯನ್ನು. ಒಂದು ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ಶೇಕಡಾ ಎಷ್ಟು ಪಾಲು ಈಗ ತುಂಬಿದೆ ಎಂಬುದು ಅದರ ಅರ್ಥ. 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 46 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 25 ಡಿಗ್ರಿಯಲ್ಲಿ 23 ಗ್ರಾಂ. 12 ಡಿಗ್ರಿಗೆ ಇಳಿದರೆ 11 ಗ್ರಾಂ ಕೂಡ ತುಂಬುವುದಿಲ್ಲ. ಪುಣೆಯ ಏಪ್ರಿಲ್ ಮಧ್ಯಾಹ್ನ ಆರ್ದ್ರತೆ ಶೇಕಡಾ 20ರ ಆಸುಪಾಸಿನಲ್ಲಿದ್ದರೆ ಆ ಗಾಳಿಯಲ್ಲಿರುವುದು ಘನ ಮೀಟರಿಗೆ ಸುಮಾರು 9 ಗ್ರಾಂ ನೀರು. ಜನವರಿಯ ಚಳಿಯ ಬೆಳಗಿನಲ್ಲಿ ಆರ್ದ್ರತೆ ಶೇಕಡಾ 80 ಎಂದು ಮಾಪಕ ತೋರಿಸಿದರೂ ಇರುವುದು ಹೆಚ್ಚುಕಡಿಮೆ ಅಷ್ಟೇ ನೀರು. ಜನವರಿಯ ಆ ಅಂಕಿಯನ್ನು ನೋಡಿ ಹೆದರಬೇಕಾಗಿಲ್ಲ. ಬಿಸಿಲೇರಿದ ಮೇಲೆ ಅದೇ ಗಾಳಿ ಮಣ್ಣಿನ ತೇವವನ್ನು ಹೀರತೊಡಗುತ್ತದೆ. ಜುಲೈಯ ಕಥೆ ಬೇರೆ. 25 ಡಿಗ್ರಿ, ಶೇಕಡಾ 85. ಹಗಲಿಗೂ ರಾತ್ರಿಗೂ ದೊಡ್ಡ ಅಂತರವಿಲ್ಲ. ಗಾಳಿಯಲ್ಲಿ ಆಗಲೇ 20 ಗ್ರಾಂ ನೀರು ತುಂಬಿರುತ್ತದೆ, ಇನ್ನು ಹಿಡಿಯಬಲ್ಲದ್ದು ಮೂರೋ ನಾಲ್ಕೋ ಗ್ರಾಂ. ಕುಂಡದ ನೀರು ಆವಿಯಾಗಿ ಹೋಗುವುದಾದರೂ ಎಲ್ಲಿಗೆ?

ಪುಣೆಯ ಹವೆಗೆ ಒಂದು ವಿಚಿತ್ರವಿದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಈ ಊರು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಅರುವತ್ತು ಕಿಲೋಮೀಟರು ಆಚೆಗಿನ ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೇಲೆ ಮಳೆಯಾದರೆ ಪುಣೆಯಲ್ಲಿ ಬೀಳುವುದು ಏಳುನೂರು ಚಿಲ್ಲರೆ. ಅಂಕಿ ನೋಡಿದರೆ ಕಳ್ಳಿಗೆ ಹೇಳಿ ಮಾಡಿಸಿದ ಊರು. ಆದರೆ ಘಟ್ಟದ ಮೋಡ ಊರಿನ ಮೇಲೇ ಕವಿದಿರುತ್ತದೆ. ಸುರಿಯುವುದು ಕಡಿಮೆ, ಸೋನೆ ಹಿಡಿಯುವುದು ಹೆಚ್ಚು. ಬಿಸಿಲು ಕಾಣದ ವಾರಗಳೇ ಇರುತ್ತವೆ. ಕೋಥರೂಡ, ಪಾಷಾಣದಂಥ ಪಶ್ಚಿಮದ ಬಡಾವಣೆಗಳು ಹಡಪ್ಸರ, ಖರಾಡಿಗಿಂತ ಹೆಚ್ಚು ತೇವ. ಸೊಲ್ಲಾಪುರ, ವಿಜಯಪುರ, ಕಲಬುರಗಿಯ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಮನೆಗಳು ಇದನ್ನು ಗಮನದಲ್ಲಿಡಬೇಕು. ಆ ಸೀಮೆಯಲ್ಲಿ ಮಳೆ ಬಂದರೆ ಜೋರಾಗಿ ಬಂದು ಹೋಗಿ, ಮರುದಿನ ಬಿಸಿಲು ಬೀಳುತ್ತದೆ. ಅಲ್ಲಿ ಅಂಗಳದಲ್ಲೇ ಬದುಕಿಕೊಂಡಿದ್ದ ಕಳ್ಳಿಯನ್ನು ಅದೇ ಮಣ್ಣಿನ ಸಮೇತ ಕೋಥರೂಡದ ಬಾಲ್ಕನಿಗೆ ತಂದಿಟ್ಟರೆ ಅದೇ ಆರೈಕೆ ಸಾಲದು.

ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂತು. ಶಿವಾಜಿನಗರದ ಆ ಕಟ್ಟಡವನ್ನು ಊರವರು ಈಗಲೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಅಲ್ಲಿಂದ ನಿತ್ಯ ಪ್ರಕಟವಾಗುವ ಆರ್ದ್ರತೆಯ ಅಂಕಿ ಬಯಲಿನ ಗಾಳಿಯದು. ಫ್ಲ್ಯಾಟಿನ ಒಳಗಿನ ಗಾಳಿ ಬೇರೆ, ಒಂದೇ ಮನೆಯ ಅಡುಗೆಮನೆ ಬೇರೆ, ಪಡಸಾಲೆ ಬೇರೆ. ಅದಕ್ಕಾಗಿ ಗಿಡದ ಪಕ್ಕದಲ್ಲೇ ಇಡುವ ಸಣ್ಣ ಡಿಜಿಟಲ್ ಮಾಪಕ ಸಾಕು. ಆದರೆ ಅಗ್ಗದ ಮಾಪಕಗಳು ನಾಲ್ಕೈದು ಅಂಕಿ ಹೆಚ್ಚುಕಡಿಮೆ ತೋರಿಸುವುದುಂಟು. ಅದನ್ನು ಪರೀಕ್ಷಿಸುವ ದಾರಿ ಅಡುಗೆಮನೆಯಲ್ಲೇ ಇದೆ. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಪುಡಿ ಉಪ್ಪು ಹಾಕಿ, ಒದ್ದೆ ಮರಳಿನ ಹದ ಬರುವಷ್ಟು ಮಾತ್ರ ನೀರು ಹನಿಸಿ, ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡುವುದು. ಬೆಳಗ್ಗೆ ಡಬ್ಬಿಯೊಳಗಿನ ಆರ್ದ್ರತೆ ಶೇಕಡಾ 75 ಇರುತ್ತದೆ. ಹಸಿ ಉಪ್ಪಿನ ಮೇಲಿನ ಗಾಳಿ ಆ ಮಟ್ಟದಲ್ಲೇ ನಿಲ್ಲುತ್ತದೆ. ಮಾಪಕ 70 ತೋರಿಸಿದರೆ ಮುಂದೆ ಪ್ರತಿ ಸಲ ಐದು ಸೇರಿಸಿ ಓದಿಕೊಂಡರಾಯಿತು.

ಮಾಪಕವೇ ಇಲ್ಲದ ಮನೆಯಲ್ಲೂ ಉಪ್ಪು ಸುಳಿವು ಕೊಡುತ್ತದೆ. ಶುದ್ಧ ಉಪ್ಪು ಗಾಳಿಯಿಂದ ನೀರೆಳೆದು ಕರಗತೊಡಗುವುದು ಅದೇ ಶೇಕಡಾ 75ರ ಮೇಲೆ. ಹರಳುಪ್ಪಿನಲ್ಲಿ ಮೆಗ್ನೀಸಿಯಂ ಲವಣ ಬೆರೆತಿರುವುದರಿಂದ ಅದು ಇನ್ನೂ ಬೇಗ ಬೆವರುತ್ತದೆ. ಜಾಡಿಯ ಪುಡಿ ಉಪ್ಪು ಮುದ್ದೆಗಟ್ಟಿದ ವಾರ ಕಳ್ಳಿಗೆ ನೀರು ಹಾಕುವ ವಾರವಲ್ಲ.

ಇಷ್ಟು ತೇವವನ್ನು ಕಳ್ಳಿಯ ಮೈ ಹೇಗೆ ತಾಳುತ್ತದೆ ಎಂಬುದನ್ನು ನೋಡಬೇಕು. ಬೇರೆ ಗಿಡಗಳು ಹಗಲು ಪತ್ರರಂಧ್ರ ತೆರೆದು ಇಂಗಾಲದ ಡೈ ಆಕ್ಸೈಡ್ ಎಳೆದುಕೊಳ್ಳುತ್ತವೆ, ಜೊತೆಗೆ ನೀರನ್ನೂ ಕಳೆದುಕೊಳ್ಳುತ್ತವೆ. ಕಳ್ಳಿ ಈ ಕೆಲಸವನ್ನು ರಾತ್ರಿಗೆ ಇಟ್ಟುಕೊಂಡಿದೆ. ತಂಪು ಹೊತ್ತಿನಲ್ಲಿ ಕಾಂಡದ ರಂಧ್ರ ತೆರೆದು ಒಳಗೆಳೆದ ಅನಿಲವನ್ನು ಆಮ್ಲವಾಗಿ ಕೂಡಿಡುತ್ತದೆ. ಹಗಲು ರಂಧ್ರ ಮುಚ್ಚಿಕೊಂಡು ಆ ಆಮ್ಲವನ್ನು ಒಡೆದು ಆಹಾರ ಮಾಡಿಕೊಳ್ಳುತ್ತದೆ. ಈ ಪರಿಪಾಟದ ಮೊದಮೊದಲ ದಾಖಲೆಗಳಲ್ಲೊಂದಕ್ಕೆ ಕರ್ನಾಟಕದ ನಂಟಿದೆ. ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡಿದ್ದ ಕಂಪನಿ ಸರ್ಕಾರದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್, ಎಲೆಯಂಚಿನಲ್ಲಿ ಮರಿಹಾಕುವ ಕಾಡುಬಸಳೆಯ ಎಲೆಯನ್ನು ಬೇರೆಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಗ್ಗೆ ಹುಳಿ, ನಡುಹಗಲಿಗೆ ಸಪ್ಪೆ, ಸಂಜೆಗೆ ತುಸು ಕಹಿ. ಅವನ ಟಿಪ್ಪಣಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು. ಕಾಡುಬಸಳೆ ಕಳ್ಳಿಯಲ್ಲ, ಆದರೆ ಒಳಗಿನ ರಸಾಯನ ಅದೇ.

ರಾತ್ರಿಯ ಗಾಳಿಯಲ್ಲಿ ತೇವವಿದ್ದರೆ ರಂಧ್ರದಿಂದ ಹೊರಹೋಗುವ ನೀರು ಕಡಿಮೆ. ಅಂದರೆ ತೇವದ ಗಾಳಿಯೆಂದರೆ ಕಳ್ಳಿಗೆ ಆಗಿಬರುವುದೇ ಇಲ್ಲವೆಂಬ ಮಾತು ಸರಿಯಲ್ಲ. ಚಿಲಿ ದೇಶದ ಅಟಕಾಮ ಕರಾವಳಿಯಲ್ಲಿ ಕೊಪಿಯಾಪೋವ ಎಂಬ ಕಳ್ಳಿಗಳು ಮಳೆಯೇ ಅಪರೂಪವಾದ ನೆಲದಲ್ಲಿ, ಸಮುದ್ರದಿಂದ ಏರಿಬರುವ ದಟ್ಟ ಮಂಜಿನಲ್ಲಿ ಮುಳುಗೆದ್ದು ಬದುಕುತ್ತವೆ. ಅಲ್ಲಿ ಗಾಳಿ ತೊಪ್ಪೆಯಾಗಿದ್ದರೂ ಬೇರು ನಿಂತಿರುವುದು ಒಣ ಜಲ್ಲಿಯಲ್ಲಿ, ಮೇಲೆ ಬೀಸುಗಾಳಿ. ಮೆಕ್ಸಿಕೋದ ಹೆಚ್ಚಿನ ಕಳ್ಳಿಗಳಿಗಂತೂ ಬೇಸಿಗೆಯ ಮಳೆಯೇ ಬೆಳವಣಿಗೆಯ ಕಾಲ. ಹಾಗಿರುವಾಗ ಪುಣೆಯ ಮನೆಯಲ್ಲಿ ಕೆಡುವುದೇಕೆ? ಗಾಳಿ ಅಲುಗುವುದಿಲ್ಲ, ಬೆಳಕು ಸಾಲದು, ಮಣ್ಣು ಜಿಗುಟು. ಈ ಮೂರೂ ಕೂಡಿದಾಗ ತೇವ ವಿಷವಾಗುತ್ತದೆ. ಫ್ಯುಸೇರಿಯಂ, ಪಿಥಿಯಂ, ಫೈಟಾಫ್ತೊರದಂಥ ಕೊಳೆರೋಗಕಾರಕಗಳು ಮಣ್ಣಿನಲ್ಲಿ ಹೇಗೂ ಇರುವಂಥವು. ಅವಕ್ಕೆ ಬೇಕಾದದ್ದು ದಿನಗಟ್ಟಲೆ ಆರದ ನೀರು ಮತ್ತು ಉಸಿರುಕಟ್ಟಿದ ಬೇರು.

ಆದ್ದರಿಂದ ಮೊದಲ ಕೆಲಸ ಮಣ್ಣಿನದು. ಪುಣೆಯ ಸುತ್ತಲಿನ ಕರಿಯ ಎರೆಮಣ್ಣು ದಖ್ಖನಿನ ಕಪ್ಪುಶಿಲೆ ಕರಗಿ ಆದದ್ದು. ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುತ್ತದೆ. ಜೋಳಕ್ಕೆ ಅದು ವರ. ಕುಂಡದ ಕಳ್ಳಿಗೆ ಹಿಡಿಯಷ್ಟೂ ಬೇಡ. ನರ್ಸರಿಯಿಂದ ಬರುವ ಗಿಡಗಳು ಬಹುತೇಕ ಕೊಕೊಪೀಟ್‌ನಲ್ಲಿರುತ್ತವೆ. ಅಂದರೆ ತೆಂಗಿನ ನಾರಿನ ಪುಡಿ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಸಾಗಾಟಕ್ಕೆ ಹಗುರ, ದಿನವೂ ನೀರು ಹಾಕುವ ಸಸಿಮಡಿಗೆ ಅನುಕೂಲ, ಮನೆಯ ಮಳೆಗಾಲಕ್ಕೆ ಮಾತ್ರ ತಕ್ಕದ್ದಲ್ಲ. ತಂದ ಗಿಡವನ್ನು ಮೇ ತಿಂಗಳೊಳಗೆ ಬೇರು ಕೊಡವಿ ಬೇರೆ ಮಿಶ್ರಣಕ್ಕೆ ಬದಲಾಯಿಸಬೇಕು. ಮಿಶ್ರಣದ ಮೂರರಲ್ಲಿ ಎರಡು ಪಾಲು ನೀರು ನಿಲ್ಲಿಸದ ಕಾಳು ಇರಲಿ: ಬಟಾಣಿಗಿಂತ ಸಣ್ಣದಾಗಿ ಒಡೆದ ಇಟ್ಟಿಗೆ ಚೂರು, ದಪ್ಪ ಮರಳು, ಸಿಕ್ಕರೆ ಪರ್ಲೈಟ್ ಅಥವಾ ಪ್ಯೂಮಿಸ್. ಉಳಿದ ಒಂದು ಪಾಲಿನಲ್ಲಿ ಕೆಮ್ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ. ಕಟ್ಟಡದ ಕ್ರಷ್ ಸ್ಯಾಂಡ್ ಬಳಸುವುದಾದರೆ ನೀರು ತಿಳಿಯಾಗುವ ತನಕ ತೊಳೆಯಬೇಕು. ಅದರ ಕಲ್ಲುಹಿಟ್ಟು ಸಿಮೆಂಟಿನ ಹಾಗೆ ಗಟ್ಟಿಕಟ್ಟಿ ರಂಧ್ರಗಳನ್ನು ಮುಚ್ಚುತ್ತದೆ.

ಕುಂಡದ ತಳದಲ್ಲಿ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆ ಎಲ್ಲ ಕಡೆ ಇದೆ. ನಡೆಯುವುದು ಅದಕ್ಕೆ ತಿರುಗುಮುರುಗು. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆಯುವ ತನಕ ಗಡಿಯಲ್ಲೇ ತಡೆದು ನಿಲ್ಲುತ್ತದೆ. ಒದ್ದೆಯ ಪದರ ಕೆಳಗಿರಬೇಕಾದದ್ದು ಬೇರಿನ ಹತ್ತಿರಕ್ಕೇರುತ್ತದೆ. ತಳದ ತೂತಿನ ಮೇಲೆ ಒಂದು ಹೆಂಚಿನ ಚೂರೋ ಬಲೆಯ ತುಂಡೋ ಸಾಕು, ಉಳಿದುದೆಲ್ಲ ಒಂದೇ ಮಿಶ್ರಣ.

ಕುಂಡ ಸುಡುಮಣ್ಣಿನದಾಗಿರಲಿ, ಬಣ್ಣ ಬಳಿಯದ್ದಾಗಿರಲಿ. ಅದರ ಗೋಡೆಯಿಂದಲೂ ನೀರು ಆರುತ್ತದೆ. ಗಾತ್ರ ಗಿಡಕ್ಕಿಂತ ಒಂದು ಬೆರಳು ಅಗಲ, ಅಷ್ಟೆ. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆಯಾಗಿ ಉಳಿಯುತ್ತದೆ. ಉಡುಗೊರೆಯ ಅಂಗಡಿಗಳಲ್ಲಿ ತೂತಿಲ್ಲದ ಗಾಜಿನ ಬಟ್ಟಲಿನಲ್ಲಿ, ಬಣ್ಣದ ಹರಳುಗಳನ್ನು ಅಂಟುಹಾಕಿ ಕೂರಿಸಿದ ಕಳ್ಳಿ ಸಿಗುತ್ತದೆ. ನೋಡಲು ಅಂದ. ಆ ಗಿಡವನ್ನು ಕೊಂಡ ದಿನವೇ ಬಿಡಿಸಿ ನೆಡದಿದ್ದರೆ ಅದು ಗಣೇಶ ಚೌತಿಯನ್ನು ಕಾಣುವುದು ಕಷ್ಟ.

ಇನ್ನು ಮನೆಯೊಳಗೆ ಗಿಡ ಎಲ್ಲಿರಬೇಕೆಂಬುದು. ಕುಕ್ಕರಿನ ಹಬೆ ತಾಗುವ ಅಡುಗೆಮನೆಯ ಕಟ್ಟೆ, ಬಚ್ಚಲುಮನೆಯ ಕಿಟಕಿ ಬೇಡವೆಂದು ಹೇಳಬೇಕಾಗಿಲ್ಲ. ಹೆಚ್ಚಿನವರು ಮರೆಯುವುದು ಬಟ್ಟೆಯ ಹಗ್ಗವನ್ನು. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿಯಿದೆ. 25 ಡಿಗ್ರಿಯಲ್ಲಿ ಆರ್ದ್ರತೆ ಆಗಲೇ ಶೇಕಡಾ 80 ಇದ್ದರೆ ಆ ಗಾಳಿ ಇನ್ನು ಹಿಡಿಯಬಲ್ಲದ್ದು ಒಂದು ಲೋಟದಷ್ಟು ನೀರು, ಸುಮಾರು 150 ಗ್ರಾಂ. ಯಂತ್ರದಲ್ಲಿ ಹಿಂಡಿ ತೆಗೆದ ಒಂದು ಸರದಿ ಬಟ್ಟೆಯಲ್ಲಿ ಒಂದೆರಡು ಲೀಟರ್ ನೀರು ಉಳಿದಿರುತ್ತದೆ. ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಮೇಲೆ ಬಟ್ಟೆ ಒಣಹಾಕಿ, ಕೆಳಗೆ ಕಳ್ಳಿ ಇಟ್ಟರೆ ಬಟ್ಟೆಯೂ ಒಣಗುವುದಿಲ್ಲ, ಕುಂಡವೂ ಒಣಗುವುದಿಲ್ಲ. ಮಳೆಗಾಲದಲ್ಲಿ ಎರಡರಲ್ಲಿ ಒಂದನ್ನು ಬೇರೆ ಕಡೆ ಸಾಗಿಸಲೇಬೇಕು.

ದಕ್ಷಿಣ ಅಥವಾ ಪೂರ್ವಕ್ಕೆ ತೆರೆದ ಕಿಟಕಿಯ ಗ್ರಿಲ್, ಮೇಲೆ ಇರಚಲು ತಡೆಯುವ ಪಾರದರ್ಶಕ ಹೊದಿಕೆ, ಎರಡು ಬದಿ ಗಾಳಿಗೆ ಬಯಲು: ಇದು ಒಳ್ಳೆಯ ಜಾಗ. ಕುಂಡಗಳ ನಡುವೆ ನಾಲ್ಕು ಬೆರಳು ಬಿಡುವಿರಲಿ; ನೆಲಕ್ಕೆ ತಾಗದಂತೆ ಕಂಬಿಯ ಹಲಗೆಯ ಮೇಲಿದ್ದರೆ ತಳದ ತೂತಿಗೂ ಗಾಳಿ ಸಿಗುತ್ತದೆ. ಕೆಳಗಿನ ತಟ್ಟೆಯನ್ನು ಜೂನ್‌ನಲ್ಲಿ ತೆಗೆದಿಡುವುದು ಕ್ಷೇಮ. ಹೊರಗೆ ಜಾಗವಿಲ್ಲದ ಮನೆಯಲ್ಲಿ ಫ್ಯಾನು ಕೆಲಸಕ್ಕೆ ಬರುತ್ತದೆ. ಫ್ಯಾನು ಗಾಳಿಯ ನೀರನ್ನು ಕಡಿಮೆ ಮಾಡುವುದಿಲ್ಲ, ಮಾಪಕದ ಅಂಕಿ ಇಳಿಯುವುದೂ ಇಲ್ಲ. ಅದು ಗಿಡದ ಮೈಗೂ ಮಣ್ಣಿಗೂ ಅಂಟಿಕೊಂಡಿರುವ ತೇವದ ತೆಳು ಪದರವನ್ನು ಸರಿಸುತ್ತದೆ. ಒಣಗುವ ವೇಗ ಹೆಚ್ಚಲು ಅಷ್ಟು ಸಾಕು. ಏರ್ ಕಂಡಿಷನರ್ ನಿಜವಾಗಿ ನೀರನ್ನು ಹಿಂಡಿ ಹೊರಗೆ ಬಿಡುತ್ತದೆ, ಆದರೆ ಕಳ್ಳಿಗಾಗಿ ಅದನ್ನು ಹಾಕುವ ಮನೆ ವಿರಳ. ಹರಳು ಸಿಲಿಕಾ ಪೊಟ್ಟಣಗಳು ಡಬ್ಬಿಗೆ ಸರಿ, ಕೋಣೆಗೆ ಏನೂ ಅಲ್ಲ.

ನೀರಿನ ವಿಚಾರಕ್ಕೆ ಪಂಚಾಂಗ ಒಂದು ಗುರುತು ಕೊಡುತ್ತದೆ. ತುಕಾರಾಮರ ಪಾಲಖಿ ಪಂಢರಪುರದ ದಾರಿಯಲ್ಲಿ ಪುಣೆಯ ನಾನಾ ಪೇಠೆಯಲ್ಲಿ ತಂಗುತ್ತದೆ; ತಂಗುವ ಗುಡಿಯ ಹೆಸರೇ ನಿವಡುಂಗ್ಯಾ ವಿಠೋಬಾ, ಕಳ್ಳಿಯ ವಿಠೋಬ. ಆ ಪಾಲಖಿ ಊರಿಗೆ ಬರುವ ಹೊತ್ತಿಗೆ ವಾರವಾರ ನೀರೆರೆಯುವ ರೂಢಿ ನಿಲ್ಲಬೇಕು. ಮುಂದೆ ದಿನ ಎಣಿಸಿ ಎರೆಯುವಂತಿಲ್ಲ. ಊದುಬತ್ತಿ ಉರಿದು ಉಳಿದ ಬಿದಿರುಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ಕಾಲು ಗಂಟೆ ಬಿಟ್ಟು ಹೊರಗೆಳೆದರೆ, ಕಡ್ಡಿ ಕಪ್ಪಾಗಿ ಮಣ್ಣು ಅಂಟಿದ್ದರೆ ಒಳಗೆ ತೇವವಿದೆ. ಕಡ್ಡಿ ಒಣಗಿ ಬಂದು, ಮುಂದೆ ಎರಡು ಮೂರು ದಿನ ಬಿಸಿಲು ಕಾಣುವ ಲಕ್ಷಣವಿದ್ದರೆ, ಬೆಳಗಿನ ಹೊತ್ತು, ಗಿಡದ ತಲೆಯ ಮೇಲಲ್ಲದೆ ಮಣ್ಣಿಗೆ ಮಾತ್ರ ನೀರು. ಇಲ್ಲವಾದರೆ ಬೇಡ. ಐದಾರು ವಾರ ನೀರಿಲ್ಲದೆ ಗಿಡ ತುಸು ಸುಕ್ಕಾದರೂ ಚಿಂತೆಯಿಲ್ಲ, ನೀರು ಕಂಡಾಗ ತುಂಬಿಕೊಳ್ಳುತ್ತದೆ. ಮೋಡದ ದಿನಗಳಲ್ಲಿ ಪೂರ್ತಿ ನೀರು ಕೊಟ್ಟರೆ ಕೊಳೆಯದೆ ಉಳಿದ ಗಿಡವೂ ಬೆಳಕು ಹುಡುಕಿ ಸಣಕಲಾಗಿ ಚಾಚಿಕೊಳ್ಳುತ್ತದೆ, ಆ ರೂಪ ಮತ್ತೆ ಸರಿಯಾಗುವುದಿಲ್ಲ. ಗೊಬ್ಬರವೂ ಈ ತಿಂಗಳುಗಳಲ್ಲಿ ಬೇಡ. ಸಿಂಪರಣೆಯಂತೂ ಕೂಡದು.

ಎಲ್ಲ ಮಾಡಿಯೂ ಬುಡ ಕಂದಾದರೆ ಮೊದಲು ಬೆರಳಿನಿಂದ ಒತ್ತಿ ನೋಡುವುದು. ಗಟ್ಟಿಯಾಗಿ ಬೆಂಡಿನಂತಿದ್ದರೆ ಅದು ವಯಸ್ಸಿನ ತೊಗಟೆ, ರೋಗವಲ್ಲ. ಮೆತ್ತಗೆ ಒಳಗಿಳಿದರೆ ಕೊಳೆ. ಆಗ ಕಾಯುತ್ತ ಕೂತರೆ ಗಿಡ ಉಳಿಯುವುದಿಲ್ಲ. ಸ್ಪಿರಿಟಿನಿಂದ ಒರೆಸಿದ ಚೂರಿಯಲ್ಲಿ ಕೆಳಗಿನಿಂದ ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತ ಬರಬೇಕು, ಪ್ರತಿ ಕೊಯ್ತಕ್ಕೂ ಚೂರಿ ಒರೆಸಬೇಕು. ನಡುವೆ ಉಂಗುರದಂತೆ ಕಾಣುವುದು ನೀರು ಸಾಗಿಸುವ ನಾಳಗಳ ಸಾಲು. ಆ ಉಂಗುರದಲ್ಲಿ ಒಂದೇ ಒಂದು ಕಂದು ಚುಕ್ಕೆ ಉಳಿದರೂ ರೋಗ ಮೇಲೇರುತ್ತದೆ. ಪೂರ್ತಿ ತಿಳಿಹಸಿರು ಬರುವ ತನಕ ಕೊಯ್ಯಬೇಕು. ಉಳಿದ ತಲೆಗೆ ಗಂಧಕದ ಪುಡಿ ಸವರಿ, ಮಣ್ಣಿಗಿಡದೆ, ಫ್ಯಾನಿನ ಕೆಳಗೆ ನೆರಳಲ್ಲಿಟ್ಟು ಒಣಗಿಸಬೇಕು. ಏಪ್ರಿಲ್‌ನಲ್ಲಿ ಒಂದು ವಾರದಲ್ಲಿ ಕಟ್ಟುವ ಹಕ್ಕಳೆ ಜುಲೈಯಲ್ಲಿ ಎರಡು ಮೂರು ವಾರ ತೆಗೆದುಕೊಳ್ಳುತ್ತದೆ. ಬೇರು ಬರಿಸಲು ಒಣ ಮಿಶ್ರಣದ ಮೇಲೆ ಕೂರಿಸಿದರಾಯಿತು. ಅಂಗಡಿಗಳಲ್ಲಿ ಕೆಂಪು, ಹಳದಿ ಚೆಂಡಿನಂತೆ ಕಾಣುವ ಮೂನ್ ಕ್ಯಾಕ್ಟಸ್‌ಗೆ ಈ ಉಪಾಯ ನಡೆಯದು. ಅದರ ಚೆಂಡಿನಲ್ಲಿ ಹಸಿರೇ ಇಲ್ಲ. ಡ್ರ್ಯಾಗನ್ ಫ್ರೂಟಿನ ಬಳಗದ ತ್ರಿಕೋನದ ಕಾಂಡಕ್ಕೆ ಕಸಿ ಕಟ್ಟಿದ ಗಿಡ ಅದು. ಕಾಂಡ ಕೊಳೆತರೆ ಇನ್ನೊಂದು ಕಾಂಡಕ್ಕೆ ಮರುಕಸಿ ಮಾಡುವುದೊಂದೇ ದಾರಿ.

ಮಳೆ ಹಿಂದೆ ಸರಿದ ಮೇಲೆ ಬರುವ ಅಕ್ಟೋಬರ್ ಹೀಟ್ ಮೋಸಗಾರ. ಆರ್ದ್ರತೆ ಇಳಿಯಿತೆಂದು ನಾಲ್ಕು ತಿಂಗಳು ಮಬ್ಬಿನಲ್ಲಿದ್ದ ಗಿಡವನ್ನು ಒಮ್ಮೆಲೇ ನಡುಹಗಲಿನ ಬಿಸಿಲಿಗಿಟ್ಟರೆ ಮೈಮೇಲೆ ಬಿಳಿಚಿದ ಸುಟ್ಟ ಕಲೆ ಬೀಳುತ್ತದೆ, ಆ ಕಲೆ ಹೋಗುವುದಿಲ್ಲ. ಎರಡು ವಾರ ಬೆಳಗಿನ ಬಿಸಿಲಿನಲ್ಲಿ ಪಳಗಿಸಿ ಮುಂದುವರಿಯಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಪುಣೆಯ ಹವೆ ಕಳ್ಳಿಗೆ ಒಗ್ಗಿದ್ದು. ಯುರೋಪಿನ ಪುಸ್ತಕಗಳು ಚಳಿಗಾಲದ ತೇವದ ಬಗ್ಗೆ ಕೊಡುವ ಎಚ್ಚರಿಕೆಗಳು ಇಲ್ಲಿ ಆಷಾಢ ಶ್ರಾವಣಕ್ಕೆ ಸಲ್ಲುತ್ತವೆ, ಪುಷ್ಯ ಮಾಘಕ್ಕಲ್ಲ. ಮಾರ್ಚಿನಿಂದ ಒಣ ಹವೆಯ ಬೇರೆ ಕಾಟ ಶುರು. ಗಾಳಿ ಬಿಸಿಯಾಗಿ ಒಣಗಿದಷ್ಟೂ ಕೆಂಪು ನುಸಿ ಹೆಚ್ಚುತ್ತದೆ. ಗಿಡದ ತುದಿಯಲ್ಲಿ ತುಕ್ಕು ಹಿಡಿದಂಥ ಬಣ್ಣ, ಸೂಕ್ಷ್ಮ ಬಲೆ ಕಂಡರೆ ಅದರದೇ ಕೆಲಸ. ಮುಳ್ಳಿನ ಸಂದಿಯಲ್ಲಿ ಹತ್ತಿಯ ಚೂರಿನಂತೆ ಕೂರುವ ಹಿಟ್ಟು ತಿಗಣೆಯನ್ನು ಸ್ಪಿರಿಟಿನಲ್ಲಿ ಅದ್ದಿದ ಕುಂಚದಿಂದ ಒರೆಸಬೇಕು. ಇದಕ್ಕೆಲ್ಲ ಗಾಳಿಗೆ ತೇವ ಸೇರಿಸಬೇಕಾಗಿಲ್ಲ. ಮೇ ತಿಂಗಳಲ್ಲಿ ಕೂಲರ್ ಓಡುವ ಕೋಣೆಯಲ್ಲಿ ಆರ್ದ್ರತೆ ಶೇಕಡಾ 60 ದಾಟುವುದುಂಟು. ಅದರ ಎದುರಿಗೆ ಕಳ್ಳಿ ಇಡದಿದ್ದರೆ ಸಾಕು.

ಈ ಎಲ್ಲಕ್ಕೂ ಹೊರತಾದ ಒಂದು ಗುಂಪಿದೆ. ಮನೆಮನೆಯಲ್ಲಿ ಬ್ರಹ್ಮಕಮಲವೆಂದು ಕರೆಯುವ, ಮಳೆಗಾಲದ ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವ ಗಿಡವೂ ಕ್ಯಾಕ್ಟಸ್ ಕುಲದ್ದೇ, ಎಪಿಫಿಲಮ್. ಹಿಮಾಲಯದ ನಿಜವಾದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡು. ಮರದ ಕೊಂಬೆಗಳ ಮೇಲೆ, ಎಲೆಗೊಬ್ಬರ ಕೂಡಿದ ಸಂದುಗಳಲ್ಲಿ ಬೆಳೆಯುತ್ತದೆ. ಡಿಸೆಂಬರಿನ ಸುತ್ತ ಹೂಬಿಡುವ ಕ್ರಿಸ್‌ಮಸ್ ಕ್ಯಾಕ್ಟಸ್ ಬ್ರೆಜಿಲ್‌ನ ಕರಾವಳಿ ಬೆಟ್ಟಗಳ ಮಂಜುಕಾಡಿನದು. ಇವಕ್ಕೆ ಶೇಕಡಾ 60–80ರ ಆರ್ದ್ರತೆ ಹಿತ, ಪುಣೆಯ ಜುಲೈ ಹಬ್ಬ. ಕಷ್ಟ ಬರುವುದು ಮಾರ್ಚ್, ಏಪ್ರಿಲ್‌ನಲ್ಲಿ: ಎಲೆಯಂಥ ಕಾಂಡ ಮುದುರುತ್ತದೆ, ಅಂಚು ಕೆಂಪಾಗುತ್ತದೆ. ಆಗ ಅವನ್ನು ಮರುಭೂಮಿಯ ಕಳ್ಳಿಗಳಿಂದ ಬೇರ್ಪಡಿಸಿ, ತೊಗಟೆಚೂರು ಬೆರೆಸಿದ ಮಣ್ಣಿನಲ್ಲಿ, ಮನಿಪ್ಲಾಂಟು, ಜರಿಗಿಡಗಳ ನಡುವೆ ಗುಂಪಾಗಿ ನೆರಳಿನಲ್ಲಿಡಬೇಕು. ಜಲ್ಲಿ ತುಂಬಿ ನೀರು ಹಾಕಿದ ತಟ್ಟೆಯ ಮೇಲೆ, ಕುಂಡದ ತಳ ನೀರಿಗೆ ತಾಗದಂತೆ ಕೂರಿಸಿದರೆ ಸುತ್ತಲಿನ ತೇವ ತುಸು ಏರುತ್ತದೆ. ಮೇಲ್ಮಣ್ಣು ಒಣಗಿದ ಕೂಡಲೇ ಇವಕ್ಕೆ ನೀರು ಬೇಕು, ಮಳೆಗಾಲದಲ್ಲೂ.